ಭೌತಿಕ ಮೂಲಗಳಿಂದ ಯಾದೃಚ್ಛಿಕ ಸಂಖ್ಯೆಗಳ ಉತ್ಪಾದನೆ

ಯಾದೃಚ್ಛಿಕ ಸಂಖ್ಯೆ ಎಂದರೇನು?

ಹಿಂದಿನ ಅಂಕಿಗಳೆಲ್ಲವೂ ತಿಳಿದಿದ್ದರೂ ಮುಂದಿನದನ್ನು ಊಹಿಸಲಾಗದ, ಪ್ರತಿ ಅಂಕಿಗೂ ಸಮಾನ ಅವಕಾಶವಿರುವ ಸರಣಿಯನ್ನು ಯಾದೃಚ್ಛಿಕ ಎನ್ನಲಾಗುತ್ತದೆ. ಚೀಟಿ ಎತ್ತುವಿಕೆ, ಮಾದರಿ ಸಮೀಕ್ಷೆ ಹಾಗೂ ಬ್ಯಾಂಕ್ ವ್ಯವಹಾರಗಳ ಗೋಪ್ಯತೆಗೆ ಇಂತಹ ಸಂಖ್ಯೆಗಳು ಅವಶ್ಯಕ. ಗಣಕಯಂತ್ರವು ಸೂತ್ರವೊಂದರಿಂದ ನೀಡುವ ಸಂಖ್ಯೆಗಳು ಮೇಲ್ನೋಟಕ್ಕೆ ಹೀಗೆಯೇ ಕಂಡರೂ, ಸೂತ್ರ ಮತ್ತು ಆರಂಭಿಕ ಸಂಖ್ಯೆಯನ್ನು ಬಲ್ಲವರು ಇಡೀ ಸರಣಿಯನ್ನು ಪುನಃ ಪಡೆಯಬಲ್ಲರು. ಆದುದರಿಂದ ಅವುಗಳನ್ನು ಮಿಥ್ಯಾ ಯಾದೃಚ್ಛಿಕ ಸಂಖ್ಯೆಗಳೆಂದು ಕರೆಯಲಾಗುತ್ತದೆ.

ಪ್ರಮುಖ ಭೌತಿಕ ಮೂಲಗಳು

1. ಉಷ್ಣದ ಕಾರಣ ಎಲೆಕ್ಟ್ರಾನುಗಳ ಅಸ್ತವ್ಯಸ್ತ ಚಲನೆಯಿಂದ ವಿದ್ಯುತ್ ರೋಧಕಗಳಲ್ಲಿ ಉಂಟಾಗುವ ವೋಲ್ಟೇಜ್ ಏರಿಳಿತ.
2. ವಿಕಿರಣಶೀಲ ವಸ್ತುವಿನಲ್ಲಿ ಒಂದು ಪರಮಾಣುವಿನ ಕ್ಷಯಕ್ಕೂ ಮತ್ತೊಂದರ ಕ್ಷಯಕ್ಕೂ ನಡುವಿನ ಕಾಲಾವಧಿ.
3. ಅರೆಪಾರಕ ಕನ್ನಡಿಯನ್ನು ತಲುಪಿದ ಬೆಳಕಿನ ಕಣವು ಹಾದುಹೋಗುವುದು ಅಥವಾ ಪ್ರತಿಫಲಿಸುವುದು.

ಪಕ್ಷಪಾತ ನಿವಾರಣೆ

ಉಪಕರಣಗಳು 0 ಮತ್ತು 1 ಅನ್ನು ಅಪರೂಪಕ್ಕೆ ಮಾತ್ರ ಸರಿಸಮವಾಗಿ ನೀಡುತ್ತವೆ. ಇದಕ್ಕೆ ಜಾನ್ ವಾನ್ ನ್ಯೂಮನ್ ಅವರು 1951ರಲ್ಲಿ ಸರಳ ಪರಿಹಾರವನ್ನು ಪ್ರಕಟಿಸಿದರು. ಅಂಕಿಗಳನ್ನು ಎರಡೆರಡಾಗಿ ತೆಗೆದುಕೊಂಡು, 01 ಬಂದಲ್ಲಿ 0 ಎಂದೂ 10 ಬಂದಲ್ಲಿ 1 ಎಂದೂ ದಾಖಲಿಸಿ, 00 ಮತ್ತು 11 ಅನ್ನು ಕೈಬಿಡತಕ್ಕದ್ದು. ಉದಾಹರಣೆಗೆ, 1 ಬರುವ ಸಂಭವ ಶೇ. 60 ಇದ್ದರೂ 01 ಮತ್ತು 10 ತಲಾ ಶೇ. 24ರಷ್ಟೇ ಬರುತ್ತವೆ. ಆದರೆ ಅಂಕಿಗಳು ಪರಸ್ಪರ ಸ್ವತಂತ್ರವಾಗಿರಬೇಕಾದುದು ಕಡ್ಡಾಯ. ಉಳಿದ ಶೇ. 52ರಷ್ಟು ಜೋಡಿಗಳು ವ್ಯರ್ಥವಾಗುವುದು ಈ ವಿಧಾನದ ವೆಚ್ಚ.

ನಿದರ್ಶನಗಳು

ವಿಯೆಟ್ನಾಂ ಯುದ್ಧದ ಅವಧಿಯಲ್ಲಿ, 1969ರ ಡಿಸೆಂಬರ್ 1ರಂದು, ಅಮೆರಿಕದಲ್ಲಿ ಯುವಕರನ್ನು ಸೈನ್ಯಕ್ಕೆ ಕರೆಯುವ ಕ್ರಮವನ್ನು ಜನ್ಮದಿನಗಳ ಚೀಟಿ ಎತ್ತಿ ನಿರ್ಧರಿಸಲಾಯಿತು. 366 ದಿನಾಂಕಗಳ ಗುಳಿಗೆಗಳನ್ನು ಸಮರ್ಪಕವಾಗಿ ಬೆರೆಸದ ಕಾರಣ, ವರ್ಷದ ಕೊನೆಯ ತಿಂಗಳುಗಳಲ್ಲಿ ಜನಿಸಿದವರ ಸರದಿ ಹೆಚ್ಚಾಗಿ ಮೊದಲೇ ಬಂದಿತು. ಯಾರ ದುರುದ್ದೇಶವೂ ಇಲ್ಲದೆ ಅನ್ಯಾಯವಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಬ್ರಿಟನ್ ಸರ್ಕಾರದ ಪ್ರೀಮಿಯಂ ಬಾಂಡ್ ಉಳಿತಾಯ ಯೋಜನೆಯಲ್ಲಿ ಬಡ್ಡಿಯ ಬದಲು ಬಹುಮಾನ ನೀಡಲಾಗುತ್ತದೆ. ವಿಜೇತರ ಆಯ್ಕೆಗಾಗಿ 1957ರಲ್ಲಿ ‘ಎರ್ನಿ’ ಯಂತ್ರವನ್ನು ಬಳಕೆಗೆ ತರಲಾಯಿತು. ಅದು ನಿಯಾನ್ ನಳಿಕೆಗಳಲ್ಲಿನ ವಿದ್ಯುತ್ ಗದ್ದಲವನ್ನು ಆಧರಿಸಿತ್ತು. 2004ರ ನಾಲ್ಕನೆಯ ಯಂತ್ರವು ಉಷ್ಣಜನ್ಯ ಗದ್ದಲವನ್ನೂ, 2019ರ ಐದನೆಯದು ಬೆಳಕಿನ ಕ್ವಾಂಟಂ ಗುಣವನ್ನೂ ಬಳಸಿಕೊಂಡವು. ಪ್ರತಿ ತಿಂಗಳ ಫಲಿತಾಂಶವನ್ನು ಸರ್ಕಾರದ ಪ್ರತ್ಯೇಕ ವಿಮಾಗಣಕ ಇಲಾಖೆಯು ಪರಿಶೀಲಿಸುತ್ತದೆ.

ಗಮನಿಸಬೇಕಾದ ಅಂಶ

ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳು ದೋಷವನ್ನು ಪತ್ತೆಹಚ್ಚಬಲ್ಲವೇ ಹೊರತು ಯಾದೃಚ್ಛಿಕತೆಯನ್ನು ಸಾಬೀತುಪಡಿಸಲಾರವು. ಉತ್ತಮ ಮಿಥ್ಯಾ ಸರಣಿಯೂ ಅವುಗಳಲ್ಲಿ ಉತ್ತೀರ್ಣವಾಗುತ್ತದೆ. ಆದುದರಿಂದ ಫಲಿತಾಂಶದಷ್ಟೇ ಮೂಲದ ಪರಿಶೀಲನೆಯೂ ಅಗತ್ಯ.