ನೀರಿಗೆ ಹೋದವಳು

ಗಂಡನಿಗೆ ನೀರು ತರಲು ಹೋದ ಓಬವ್ವ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡಳು ಎನ್ನುತ್ತಾರೆ ಚಿತ್ರದುರ್ಗದ ಜನ. ಆ ಕೋಟೆಯ ಹೊಂಡಗಳು ಹಿಡಿದಿಟ್ಟದ್ದು ಮಳೆನೀರನ್ನು. ನಾವು ಬೋರ್‌ವೆಲ್ ಕೊರೆದು ಬಂಡೆಯೊಳಗಿನ ನೀರಿಗೆ ಕೈಹಾಕಿದೆವು. ದುರ್ಗದ ಸೀಮೆಯಲ್ಲಿ ಅದರೊಂದಿಗೆ ಫ್ಲೋರೈಡ್ ಬಂತು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿ ಬಂದದ್ದು ಆರ್ಸೆನಿಕ್. ಚಿನ್ನವಿರುವ ಕಲ್ಲಿನಲ್ಲಿ ಅದೂ ಇರುವುದುಂಟು.

ಅಲ್ಲಿನ ಕಿರದಳ್ಳಿ ತಾಂಡಾದ ಜನರ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಬಸುರಿ ಕುಡಿದ ಆರ್ಸೆನಿಕ್ ಮಾಸನ್ನು ದಾಟಿ ಹೊಟ್ಟೆಯಲ್ಲಿರುವ ಕೂಸನ್ನೂ ಮುಟ್ಟುತ್ತದೆ. ನೀರು ಕುದಿಸಿದರೂ ಅದು ಹೋಗುವುದಿಲ್ಲ.

ಓಬವ್ವನಿಗೆ ಶತ್ರು ಕಂಡಿದ್ದ. ಬಣ್ಣ, ವಾಸನೆ, ರುಚಿ ಇಲ್ಲದ ಈ ಶತ್ರು ಕೊಡ ಹೊತ್ತವಳಿಗೆ ಕಾಣದು. ನೀರಿನ ಪರೀಕ್ಷೆಯ ವರದಿ ಮೊದಲು ಅವಳಿಗೇ ತಿಳಿಯಬೇಕು.