ಚಳಿಜ್ವರವೂ ಚೀನದೇಶದ ಒಂದು ಮೂಲಿಕೆಯೂ

ಮಲೇರಿಯಾ ಎಂಬ ಚಳಿಜ್ವರವು ಮಾನವಕುಲವನ್ನು ಪುರಾತನಕಾಲದಿಂದಲೂ ಪೀಡಿಸುತ್ತ ಬಂದಿರುವದು. ರೋಗಿಯ ರಕ್ತಕಣಗಳನ್ನು ಹೊಕ್ಕು ಬೆಳೆಯುವ ಸೂಕ್ಷ್ಮ ಪರೋಪಜೀವಿಯೇ ಇದಕ್ಕೆ ಕಾರಣವೆಂಬುದನ್ನು 1880ರಲ್ಲಿ ಫ್ರೆಂಚ್ ವೈದ್ಯನಾದ ಲಾವೆರಾನನು ಕಂಡುಹಿಡಿದನು. ಆದರೆ ಕಾರಣವು ತಿಳಿಯುವದಕ್ಕೆ ಬಹು ಪೂರ್ವದಲ್ಲಿಯೇ ಔಷಧವನ್ನು ಅರಸಿದವರುಂಟು. ಅವರಲ್ಲಿ ಚೀನದೇಶದ ಗೆ ಹೋಂಗನ ವೃತ್ತಾಂತವು ಭಕ್ತಮಹಾಶಯರು ಅವಶ್ಯವಾಗಿ ಅರಿಯತಕ್ಕದ್ದಾಗಿದೆ.

ಕ್ರಿ. ಶ. 4ನೆಯ ಶತಮಾನದ ಈ ವೈದ್ಯನು ತುರ್ತು ಚಿಕಿತ್ಸೆಗಳ ಕೈಪಿಡಿಯೊಂದನ್ನು ರಚಿಸಿದನು. ಚಿಂಗ್‌ಹಾವ್ ಎಂಬ ಮೂಲಿಕೆಯನ್ನು ಒಂದು ಹಿಡಿಯಷ್ಟು ತೆಗೆದುಕೊಂಡು ನೀರಿನಲ್ಲಿ ನೆನೆಯಿಟ್ಟು, ಹಿಂಡಿ, ಆ ರಸವನ್ನು ಚಳಿಜ್ವರದವರು ಕುಡಿಯಬೇಕೆಂದು ಅದರಲ್ಲಿ ವಿಧಿಸಿರುವನು.

ಸುಮಾರು 1600 ವರ್ಷಗಳು ಗತಿಸಿದವು. ಕ್ಲೋರೋಕ್ವಿನ್ ಔಷಧಕ್ಕೆ ರೋಗವು ಅನೇಕ ಕಡೆ ಬಗ್ಗದಂತಾಗಲು, 1967ರಲ್ಲಿ ಚೀನ ಸರಕಾರವು ಹೊಸ ಔಷಧದ ಶೋಧವನ್ನು ಗುಪ್ತವಾಗಿ ಆರಂಭಿಸಿತು. 1969ರಲ್ಲಿ ತೂ ಯೂಯೂ ಎಂಬ ವಿದುಷಿಯು ಆ ಕಾರ್ಯದಲ್ಲಿ ಸೇರಿದರು. ಅವರು ಪ್ರಾಚೀನ ಗ್ರಂಥಗಳನ್ನು ಶೋಧಿಸಿ, ನೂರಾರು ಮೂಲಿಕೆಗಳನ್ನು ಪರೀಕ್ಷಿಸಿದರು. ಚಿಂಗ್‌ಹಾವ್ ಒಮ್ಮೆ ಗುಣವನ್ನು ತೋರಿಸಿದರೆ, ಮತ್ತೊಮ್ಮೆ ತೋರಿಸದು. ಆಗ ಅವರು ಗೆ ಹೋಂಗನ ವಿಧಿಯನ್ನು ಪುನಃ ಓದಿದರು. ಅಲ್ಲಿ ನೆನೆಸುವದುಂಟು, ಹಿಂಡುವದುಂಟು. ಕುದಿಸುವದು ಮಾತ್ರ ಇಲ್ಲ! ಕುದಿತವೇ ಸತ್ವವನ್ನು ಕೆಡಿಸುತ್ತಿರಬಹುದೆಂದು ಅವರಿಗೆ ಹೊಳೆಯಿತು. ಅಲ್ಪ ಶಾಖದಲ್ಲಿಯೇ ಕುದಿಯುವ ಈಥರಿನಿಂದ ಸತ್ವವನ್ನು ತೆಗೆಯಲು, 1971ರ ಅಕ್ಟೋಬರದಲ್ಲಿ ಇಲಿಗಳ ರೋಗವು ಪೂರ್ಣವಾಗಿ ಅಡಗಿತು. 1972ರಲ್ಲಿ, ರೋಗಿಗಳಿಗೆ ಕೊಡುವದಕ್ಕೆ ಮೊದಲು, ತೂ ಅವರೂ ಸಹಚರರೂ ಅದನ್ನು ತಾವೇ ಸೇವಿಸಿ ನೋಡಿದರು. ಪರರ ಪ್ರಾಣಕ್ಕಾಗಿ ತಮ್ಮ ದೇಹವನ್ನೇ ಒರೆಗಲ್ಲಾಗಿಸಿದ ಈ ಧೈರ್ಯವು ಸ್ತುತ್ಯವಾದದ್ದು.

ಅದೇ ವರ್ಷ ಬೇರ್ಪಡಿಸಿದ ಶುದ್ಧ ಸತ್ವಕ್ಕೆ ಆರ್ಟಿಮಿಸಿನಿನ್ ಎಂದು ಹೆಸರು. ಪರೋಪಜೀವಿಯು ರಕ್ತವನ್ನು ಜೀರ್ಣಿಸಿಕೊಳ್ಳುವಾಗ ಹೊರಬೀಳುವ ಕಬ್ಬಿಣದ ಸಂಪರ್ಕದಿಂದ ಇದು ಉಗ್ರಗೊಂಡು, ಆ ಜೀವಿಯನ್ನೇ ನಾಶಪಡಿಸುವದು. ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಆದರೂ ಒಂದು ಎಚ್ಚರಿಕೆಯು ಅವಶ್ಯ. ಸೊಪ್ಪಿನ ಕಷಾಯದಲ್ಲಿ ಸತ್ವದ ಪ್ರಮಾಣವು ನಿಶ್ಚಿತವಲ್ಲ. ಅರೆಪ್ರಮಾಣದ ಔಷಧವು ರೋಗವನ್ನು ಕೊಲ್ಲದೆ ಬಲಪಡಿಸೀತು. ಆದಕಾರಣ ವಿಶ್ವ ಆರೋಗ್ಯ ಸಂಸ್ಥೆಯು ಸೊಪ್ಪಿನ ಸೇವನೆಯನ್ನು ಒಪ್ಪದೆ, ಶುದ್ಧ ಸತ್ವದಿಂದ ಮಾಡಿದ ಔಷಧವನ್ನು ಮತ್ತೊಂದು ಔಷಧದೊಡನೆ ಕೂಡಿಸಿ ಕೊಡಬೇಕೆಂದು ವಿಧಿಸಿರುವದು.

ನಮ್ಮ ಹಿರಿಯರ ಓಲೆಗರಿಗಳಲ್ಲಿಯೂ ವೈದ್ಯವಿಧಿಗಳು ಹೇರಳವಾಗಿರುವವು. ಅವನ್ನು ಹಳೆಯದೆಂದು ಹಳಿಯುವದೂ ತರವಲ್ಲ, ಹಳೆಯದೆಂದೇ ನಂಬುವದೂ ತರವಲ್ಲ. ಒಂದಕ್ಷರವನ್ನೂ ಬಿಡದೆ ಓದಿ, ನಿಷ್ಠುರವಾಗಿ ಪರೀಕ್ಷಿಸುವದೇ ಹಿರಿಯರಿಗೆ ಸಲ್ಲಿಸತಕ್ಕ ನಿಜವಾದ ಗೌರವವು.