ಹಂಚು, ಮುರಕಲ್ಲು, ಸುರಂಗ

ಅಜ್ಜನ ಮನೆಯನ್ನು ಕೆಡಹಿ ತಾರಸಿ ಮನೆ ಕಟ್ಟುವುದೆಂದು ಅಣ್ಣನ ಹಟ. ಅದಕ್ಕಾದರೆ ನನ್ನ ಪಾಲಿನ ಹಣ ಕೊಡಲಾರೆನೆಂದೆ. ದುರಸ್ತಿಗೆಂದು ಹಂಚು ಇಳಿಸಿದಾಗ ಅವುಗಳ ಮೇಲೆ ಬಾಸೆಲ್ ಮಿಷನ್ನಿನ ಹೆಸರು ಕಂಡಿತು. ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆಯ ಮಾಡುಗಳಿಗೆ ಹೆಚ್ಚಾಗಿ ಮುಳಿಹುಲ್ಲು. ಒಂದೇ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಬಂದ ಹಂಚು 1956ರ ನವೆಂಬರ್ 1ರಿಂದ ಹೊರರಾಜ್ಯದ್ದಾಯಿತು.

ಗೋಡೆಯದೇ ದೊಡ್ಡ ತಾಪತ್ರಯ. ತಂದೆಯವರು ಮಾಡಿಸಿದ್ದ ಸಿಮೆಂಟು ಸಾರಣೆಯೊಳಗೆ ಒದ್ದೆಯಾದ ಮುರಕಲ್ಲು ಒಣಗಲಾರದೆ ಪುಡಿಯಾಗುತ್ತಿತ್ತು. (ಮೇಸ್ತ್ರಿಗಳ ಬಾಯಲ್ಲಿ ಅದು ಚೆಂಗಲ್ಲು.) ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು 'ಲ್ಯಾಟರೈಟ್' ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದರೆ ಗಟ್ಟಿಯಾಗುವ ಇದರ ಗುಣವನ್ನು ಅವನು 1807ರಲ್ಲಿ ಅಚ್ಚಾದ ಪುಸ್ತಕದಲ್ಲೇ ಬರೆದಿದ್ದಾನೆ. ನಾವು ಅದೇ ಗಾಳಿಯನ್ನು ತಡೆದಿದ್ದೆವು. ಸಿಮೆಂಟು ಕೆತ್ತಿಸಿ ಸುಣ್ಣ ಬಳಿಸಿದ ಮೇಲೆ ಮಳೆಗಾಲದ ಮುಗ್ಗಲು ವಾಸನೆ ಹೋಯಿತು.

ನಡು ಅಂಗಳಕ್ಕೆ ಹೊದಿಸಿದ್ದ ತಗಡು ತೆಗೆದೆವು; ಮಳೆ ಈಗ ಮನೆಯೊಳಗೇ ಸುರಿಯುತ್ತದೆ. ಅಡುಗೆಮನೆ, ಬಚ್ಚಲು ಹೊಸತು.

ನೀರಿಗೆ ಕೊಳವೆಬಾವಿ ಎಂದ ಅಣ್ಣ. ಗುಡ್ಡದ ಸುರಂಗದಲ್ಲಿ ಕುಸಿದ ಮಣ್ಣು ತೆಗೆಸಿ ನೋಡೋಣವೆಂದೆ. ಅದನ್ನು ಕೊರೆದವನ ಹೆಸರು ಮನೆಯ ಯಾವ ಕಾಗದಪತ್ರದಲ್ಲೂ ಇಲ್ಲ. ಒಳಹೊಕ್ಕ ಹಿರಿಯ ಕೆಲಸಗಾರರು ಪಿಕ್ಕಾಸಿನ ಗುರುತುಗಳನ್ನು ಸವರಿ ನೋಡಿ, "ಇವನು ಎಡಗೈಯವನು" ಎಂದರು. ಬೆರಳು ಗಾತ್ರದ ಧಾರೆ ಈಗ ಅಂಗಳದ ತೊಟ್ಟಿಗೆ ಬೀಳುತ್ತಿದೆ. ಏಪ್ರಿಲಿನಲ್ಲಿ ಅದು ಸಾಲುವುದಿಲ್ಲ. ಅಣ್ಣ ಅದನ್ನು ಹೇಳದೆ ಬಿಡುವುದೂ ಇಲ್ಲ.